ಬೈಗೆಗೆ ಊರು ಕೇಳುವ ಕೆಲಸ

ಕ್ಯಾಲಿಫೋರ್ನಿಯಾದ ಡೈಮಂಡ್ ಬಾರ್ ಎಂಬ ಊರಿನಲ್ಲಿ ಪರಿಚಯದವರ ಹೊಸ ಮನೆಯ ಗೃಹಪ್ರವೇಶ. ಊಟಕ್ಕೆ ಇನ್ನೂ ಹೊತ್ತಿತ್ತು. ಹಿರಿಯರೊಬ್ಬರು ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತವರೇ, ಹೆಸರು ಕೇಳುವ ಮೊದಲು ಊರು ಕೇಳಿದರು. ಸ್ಯಾನ್ ಡಿಯಾಗೋ ಎಂದೆ. ಅದು ಉತ್ತರವೇ ಅಲ್ಲ ಎಂಬಂತೆ ತಲೆಯಾಡಿಸಿ, "ಅದಲ್ಲಮ್ಮ, ಮೂಲ ಯಾವೂರು?" ಎಂದರು. ಗಂಗೊಳ್ಳಿ ಎಂದೆ. ಅದು ಕುಂದಾಪುರದ ಹತ್ತಿರದ ಮೀನುಗಾರಿಕೆ ಬಂದರು ಎಂದು ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಾಗುತ್ತದೆ, ಹೇಳಿದೆ. ಅವರು ಕುರ್ಚಿಯನ್ನು ಎರಡಿಂಚು ಹಿಂದೆ ಸರಿಸಿದರೋ, ನನಗೇ ಹಾಗೆ ಅನ್ನಿಸಿತೋ ಗೊತ್ತಿಲ್ಲ. ಆಮೇಲೆ ಕೆಲಸ ಏನು ಎಂದು ಕೇಳಿದರು. "ಮೀನಿಗೆ ಯಾವೂರು ಅಂತ ಕೇಳೋ ಕೆಲಸ, ಅಂಕಲ್" ಎಂದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ತಮಾಷೆ ಮಾಡಿರಲಿಲ್ಲ.

ಡಬ್ಬಿಯ ಮೇಲೆ ಸಾರ್ಡೀನ್ ಎಂದು ಬರೆದಿರುತ್ತದಲ್ಲ, ಆ ಮೀನಿಗೆ ಮಂಗಳೂರಿನವರು ಬೂತಾಯಿ ಎನ್ನುತ್ತಾರೆ, ನಮ್ಮ ಕಡೆ ಬೈಗೆ. ಕ್ಯಾಲಿಫೋರ್ನಿಯಾದ್ದು ನಮ್ಮೂರ ಬೈಗೆಗೆ ದಾಯಾದಿ. ಸ್ವಲ್ಪ ಉದ್ದ, ಪಕ್ಕೆಯ ಮೇಲೆ ಕಪ್ಪು ಚುಕ್ಕಿ. ಈ ಕರಾವಳಿಯಲ್ಲಿ ಅದರದು ಎರಡು ಪಂಗಡ ಎಂದು ಲೆಕ್ಕ. ಒಂದು ಉತ್ತರದ್ದು, ತಂಪು ನೀರನ್ನು ಹಿಡಿದು ಓಡಾಡುವಂಥದ್ದು. ಇನ್ನೊಂದು ಮೆಕ್ಸಿಕೋ ಕಡೆಯದು, ಬೆಚ್ಚಗಿನ ನೀರಿನ ಜೊತೆ ಮೇಲೆ ಬಂದು ಅದರ ಜೊತೆಗೇ ಇಳಿದು ಹೋಗುವಂಥದ್ದು. ಉತ್ತರದ ಪಂಗಡ ತೀರಾ ಕಡಿಮೆಯಾಗಿದೆ ಎಂದು ಅದನ್ನು ದೊಡ್ಡ ಬಲೆಯಲ್ಲಿ ಹಿಡಿದು ಮಾರುವುದನ್ನು ವರ್ಷಗಳ ಹಿಂದೆಯೇ ನಿಲ್ಲಿಸಿದ್ದಾರೆ. ಗಾಳ ಹಾಕುವವರಿಗೆ ಎರೆಯಾಗಿ ಜೀವಂತ ಮಾರಲು ಒಂದಿಷ್ಟು ಬಿಟ್ಟಿದ್ದಾರೆ, ಅದಕ್ಕೂ ವರ್ಷಕ್ಕಿಷ್ಟು ಎಂಬ ಮಿತಿ ಇದೆ. ತೊಂದರೆ ಏನೆಂದರೆ, ಬಲೆಗೆ ಬಿದ್ದ ಮೀನಿನ ಮುಖ ನೋಡಿ ಅದು ಯಾವ ಪಂಗಡದ್ದು ಎಂದು ಹೇಳಲು ಬರುವುದಿಲ್ಲ. ಹಾಗಾಗಿ ನೀರನ್ನು ಕೇಳುತ್ತೇವೆ. ಹಿಡಿದ ದಿನ ಆ ಜಾಗದ ನೀರು ತಂಪಾಗಿತ್ತೋ, ಅದು ಉತ್ತರದ ಮೀನು, ಮಿತಿಯಲ್ಲಿ ಕಳೆಯಬೇಕು. ಬೆಚ್ಚಗಿತ್ತೋ, ಮೆಕ್ಸಿಕೋದ್ದು, ಆ ಮಿತಿಗೆ ಸೇರುವುದಿಲ್ಲ.

ಟೊರ್ರಿ ಪೈನ್ಸ್ ಗುಡ್ಡದ ಮೇಲೆ, ಔಷಧಿ ಕಂಪನಿಗಳ ಗಾಜಿನ ಕಟ್ಟಡಗಳ ನಡುವಿನ ಒಂದು ಸಣ್ಣ ಕಚೇರಿಯಲ್ಲಿ, ಕಾಂಟ್ರಾಕ್ಟ್ ಮೇಲೆ ನಾನು ಮಾಡುವುದು ಇದನ್ನೇ. ಉಪಗ್ರಹ ಕೊಟ್ಟ ನೀರಿನ ಬಿಸಿಯನ್ನು ದೋಣಿಗಳು ಕೊಟ್ಟ ಮೀನಿನ ಲೆಕ್ಕದ ಪಕ್ಕ ಕೂರಿಸುವುದು. ಇಡೀ ಸಮುದ್ರವೇ ಬಿಸಿಯಾಗುತ್ತಿರುವಾಗ ಈ ಪದ್ಧತಿ ಎಷ್ಟು ದಿನ ನಡೆದೀತು ಎಂದು ನಮಗೆ ನಮಗೇ ಅನುಮಾನ. ಬೇಲಿ ಇದ್ದಲ್ಲೇ ಇದೆ, ಹೊಲ ಸರಿಯುತ್ತಿದೆ. ಅದರ ಮೇಲೆ ಮೇ, ಜೂನ್ ತಿಂಗಳಲ್ಲಿ ಇಲ್ಲಿನ ಕಡಲ ದಂಡೆಗೆ ಮೋಡ ಮುಸುಕು ಹಾಕಿಬಿಡುತ್ತದೆ. ಉಪಗ್ರಹಕ್ಕೆ ಏನೂ ಕಾಣುವುದಿಲ್ಲ. ಅಂಥ ದಿನಗಳ ಖಾಲಿ ಜಾಗಕ್ಕೆ ನಾವು ದೂರದ, ಮೋಡವಿಲ್ಲದ ನೀರಿನ ಅಂಕಿಯನ್ನು ತಂದು ತುಂಬುತ್ತೇವೆ. ಆ ದೂರದ ನೀರು ಸಾಮಾನ್ಯವಾಗಿ ಬೆಚ್ಚಗಿರುತ್ತದೆ. ಇದು ಎಲ್ಲರಿಗೂ ಗೊತ್ತಿದ್ದ ವಿಷಯ, ಯಾರೂ ಅದರ ಬಗ್ಗೆ ತಲೆ ಕೆಡಿಸಿಕೊಂಡಿರಲಿಲ್ಲ. ನಾನೂ ಕೆಡಿಸಿಕೊಂಡಿರಲಿಲ್ಲ.

ಕೋವಿಡ್ ಗಲಾಟೆ ಮುಗಿದ ಮೇಲೊಂದು ವಸಂತದಲ್ಲಿ ಅಮ್ಮ ನನ್ನ ಮನೆಗೆ ಬಂದಳು. ಬುಟ್ಟಿ ಹೊತ್ತು ಬಸ್ಸು ಹತ್ತಿ, ಒಳಗಿನ ಊರುಗಳಲ್ಲಿ ಮನೆಮನೆಗೆ ಮೀನು ಮಾರಿಕೊಂಡು ನನ್ನನ್ನು ಓದಿಸಿದವಳು. ಸೊಂಟ ನೋವಿನಿಂದ ಬುಟ್ಟಿ ಇಳಿಸಿ ಕೆಲವು ವರ್ಷವಾಗಿತ್ತು. ಕನ್ನಡ ಶಾಲೆಯಲ್ಲಿ ನಾಲ್ಕನೇ ಕ್ಲಾಸು, ಇಂಗ್ಲಿಷಿನ ದೊಡ್ಡ ಅಕ್ಷರಗಳು ಮಾತ್ರ ಗೊತ್ತು. ನನ್ನ ಗಂಡ ಬೆಂಗಳೂರಿನವನು, ಟೆಲಿಕಾಂ ಇಂಜಿನಿಯರ್, ಮೊಟ್ಟೆಯನ್ನೂ ದೂರದಿಂದ ನೋಡುವವನು. ನಮ್ಮ ಮನೆಯ ಒಪ್ಪಂದದ ಪ್ರಕಾರ ಅವನು ಕ್ರಿಕೆಟ್ ಆಡಲು ಹೋಗುವ ಶನಿವಾರ, ಗ್ಯಾರೇಜಿನಲ್ಲಿ, ಕ್ಯಾಂಪಿಂಗ್ ಸ್ಟವ್ ಮೇಲೆ ಮೀನು. ಅಮ್ಮನಿಗೆ ಅವನು ಇದನ್ನು ವಿವರಿಸಿದ ರೀತಿ ನೋಡಬೇಕಿತ್ತು. "ಗ್ಯಾರೇಜ್ ಬಾಗಿಲು ಪೂರ್ತಿ ತೆಗೆದಿಟ್ಟು ಮಾಡಿ, ಅತ್ತೆ. ಅಲಾರ್ಮ್ ಹೊಡ್ಕೊಂಡ್ರೆ ಫೈರ್ ಇಂಜಿನ್ನೇ ಬರತ್ತೆ." ಅಮ್ಮ ಗಂಭೀರವಾಗಿ ತಲೆಯಾಡಿಸಿದಳು. ಮೀನು ಹುರಿದರೆ ಬೆಂಕಿ ಆರಿಸುವವರು ಬರುವ ದೇಶ ಇದು ಎಂದು ಊರಿಗೆ ಫೋನ್ ಮಾಡಿ ಎಲ್ಲರಿಗೂ ಹೇಳಿದಳು.

ಬಂದ ಮೊದಲ ವಾರವೇ ಅವಳು ಕೇಳಿದ್ದು ಬೈಗೆ. ಇಲ್ಲಿ ಬೈಗೆ ತೀರಾ ಕಡಿಮೆಯಾಗಿದೆ, ಅದಕ್ಕೇ ಹಿಡಿದು ಮಾರುವುದನ್ನು ನಿಲ್ಲಿಸಿದ್ದಾರೆ, ಅದರ ಲೆಕ್ಕವೇ ನನ್ನ ಕೆಲಸ ಎಂದು ಸ್ವಲ್ಪ ಜಂಬದಿಂದಲೇ ಹೇಳಿದೆ. ಅವಳು ಸಾಲ್ಮನ್ ತಿಂದು, ಇದು ಮೀನೋ ಬೆಣ್ಣೆಯೋ ಎಂದು ಗೊಣಗಿ ಸುಮ್ಮನಾದಳು. ಮುಂದಿನ ಶನಿವಾರ ಪಾಯಿಂಟ್ ಲೋಮಾ ಕಡೆಯ ಬಂದರು ತೋರಿಸಲು ಕರೆದುಕೊಂಡು ಹೋದೆ. ನಾನು ಕಾರು ನಿಲ್ಲಿಸಲು ಜಾಗ ಹುಡುಕುವಷ್ಟರಲ್ಲಿ ಅಮ್ಮ ಇಳಿದು, ದೋಣಿಕಟ್ಟೆಯ ತುದಿಯ ಒಂದು ತಗಡಿನ ಅಂಗಡಿಯೊಳಗೆ ನುಗ್ಗಿದ್ದಳು. ನಾನು ಏದುಸಿರು ಬಿಡುತ್ತ ಒಳಗೆ ಹೋದರೆ, ನೀರಿನ ದೊಡ್ಡ ತೊಟ್ಟಿಯ ಮೇಲೆ ಬಗ್ಗಿ ನಿಂತಿದ್ದಾಳೆ. ತೊಟ್ಟಿಯ ತುಂಬ ಬೈಗೆ. ಜೀವಂತ, ಒಂದೇ ದಿಕ್ಕಿಗೆ ಸುತ್ತು ಹೊಡೆಯುತ್ತಿವೆ.

ಹೊರಗಿನ ಬೋರ್ಡಿನಲ್ಲಿ ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ BAIT, ಬೇಟ್, ಎಂದು ಬರೆದಿತ್ತು. ಗಾಳದ ಎರೆ ಮಾರುವ ಅಂಗಡಿ. ಅಮ್ಮ ಒಂದೊಂದೇ ಅಕ್ಷರ ಕೂಡಿಸಿ ಓದಿದ್ದಳು. ಬಿ, ಎ, ಐ ಸೇರಿ ಬೈ ಆಯಿತು. ಅಲ್ಲಿಗೆ ಅವಳಿಗೆ ಅರ್ಥವಾಗಿಹೋಗಿತ್ತು. "ಬೈ ಅಂದೇಳಿ ಬರ್ದಿತ್ತಲ್ದಾ. ಕಡಿ ಅಕ್ಷರ ಅವ್ರ್ ತಪ್ಪ್ ಬರ್ದಿರ್" ಎಂದಳು. ತಪ್ಪು ಓದಿ ಸರಿಯಾದ ಜಾಗಕ್ಕೆ ಬಂದವಳನ್ನು ತಿದ್ದುವುದು ಹೇಗೆ? ಇವತ್ತಿಗೂ ನಮ್ಮ ಮನೆಯಲ್ಲಿ ಅದು ಬೈಗೆ ಅಂಗಡಿ. ಆದರೆ ಅಮ್ಮ ಅಷ್ಟಕ್ಕೆ ಬಿಡಲಿಲ್ಲ. ತೊಟ್ಟಿಯನ್ನೂ ನನ್ನನ್ನೂ ಒಮ್ಮೆ ನೋಡಿ, "ಬೈಗಿ ಇಲ್ಲ ಅಂದಿಯಲೆ. ನೀ ಎಂತ ಲೆಕ್ಕ ಮಾಡುದ್ ಹಂಗಾರೆ?" ಎಂದಳು.

ಮುಖಕ್ಕೆ ಹೊಡೆದಂತಾಯಿತು. ಏಕೆಂದರೆ ದೋಣಿಯವರೆಲ್ಲ ನಮ್ಮ ಕಚೇರಿಗೆ ಕೇಳುವ ಪ್ರಶ್ನೆ ಅದೇ. ಕಡಲಿಗೆ ಇಳಿದರೆ ಬೈಗೆ ಕಾಲಿಗೆ ತೊಡರುತ್ತದೆ, ನೀವು ಗುಡ್ಡದ ಮೇಲೆ ಕೂತು ಇಲ್ಲ ಎನ್ನುತ್ತೀರಿ. ಅದು ಮೆಕ್ಸಿಕೋ ಬೈಗೆ, ಕಡಿಮೆಯಾಗಿರುವುದು ಉತ್ತರದ ಬೈಗೆ ಎಂದು ಅವರಿಗೆ ಹೇಳುವುದನ್ನೇ ಅಮ್ಮನಿಗೂ ಹೇಳಿದೆ. ಅವಳು ತೊಟ್ಟಿಗೆ ಕೈ ಹಾಕಿ ಒಂದನ್ನು ಹಿಡಿದು, ಹೆಬ್ಬೆರಳಿನಿಂದ ಹೊಟ್ಟೆ ಮೆಲ್ಲಗೆ ಅದುಮಿ ಮೊಟ್ಟೆ ಇದೆಯೇ ನೋಡಿ, ನೀರಿಗೆ ಬಿಟ್ಟಳು. ಮೀನಿಗೆ ಯಾರೂ ಊರು ಕೇಳಿದ್ದನ್ನು ತಾನು ಈ ಜನ್ಮದಲ್ಲಿ ಕಂಡಿಲ್ಲ ಎಂದಳು.

ಇದನ್ನೆಲ್ಲ ಅಂಗಡಿಯ ಯಜಮಾನರು ನೋಡುತ್ತ ನಿಂತಿದ್ದರು. ಎಪ್ಪತ್ತರ ಹತ್ತಿರದ ಮನುಷ್ಯ. ಅಜ್ಜ ಪೋರ್ಚುಗಲ್‌ನ ದ್ವೀಪದಿಂದ ಟ್ಯೂನಾ ಹಿಡಿಯಲು ಬಂದು ಇಲ್ಲೇ ನೆಲೆ ನಿಂತವನಂತೆ. ಈಗ ಉಳಿದದ್ದು ಒಂದು ಬಲೆಯ ದೋಣಿ, ಈ ಅಂಗಡಿ, ಇಬ್ಬರು ಕೆಲಸದವರು. ವಾರದ ಕೊನೆಗೆ ಗಾಳದ ಮೋಜಿಗೆ ಹೋಗುವ ದೋಣಿಗಳಿಗೆ ಜೀವಂತ ಬೈಗೆ ಕೊಡುವುದು ಅವರ ವ್ಯಾಪಾರ. ಹೊಟ್ಟೆ ಅದುಮಿದ ಆ ಒಂದು ಕೈಚಳಕ ನೋಡಿಯೇ ಅವರಿಗೆ ಅಮ್ಮ ಯಾರೆಂದು ಗೊತ್ತಾಗಿತ್ತು. ಒಂದು ಪ್ಲಾಸ್ಟಿಕ್ ಚೀಲದಲ್ಲಿ ಆರು ಮೀನು ಹಾಕಿ ಅವಳ ಕೈಗೆ ಕೊಟ್ಟರು. ಇನ್ನೂ ಹಾಕಲು ಹೋದರೆ ಅಮ್ಮ ಆರು ಬೆರಳು ತೋರಿಸಿ ಸಾಕೆಂದಳು. ಹೆಸರು ಕೇಳಿದರೋ ಏನೋ, ಅಮ್ಮ ಚೀಲ ಎತ್ತಿ ಹಿಡಿದು "ಬೈಗೆ" ಎಂದಳು. ಅವರು "ಬೈಗೀ" ಎಂದು ಎರಡು ಸಲ ಹೇಳಿ ಬಾಯಿಪಾಠ ಮಾಡಿಕೊಂಡರು. ಆವತ್ತಿನಿಂದ ಅಮ್ಮನ ಹೆಸರೇ ಅಲ್ಲಿ ಬೈಗೀ.

ನಾನು ಯಾವ ಕೆಲಸದಲ್ಲಿದ್ದೇನೆ ಎಂದು ಅವರಿಗೆ ಆ ದಿನವೇ ಹೇಳಿದೆ. ಕೆಲಸದ ದೃಷ್ಟಿಯಿಂದ ಆ ಆರು ಮೀನನ್ನು ಮುಟ್ಟಬಾರದಿತ್ತು ಎಂಬುದೂ ನನಗೆ ಗೊತ್ತಿತ್ತು. ಆದರೆ ಆ ಮಧ್ಯಾಹ್ನ ಗ್ಯಾರೇಜಿನಲ್ಲಿ ಬ್ಯಾಡಗಿ ಮೆಣಸು ಅರೆದು ಹಚ್ಚಿ, ಕಾವಲಿಯ ಮೇಲೆ ಹಾಕಿದಾಗ ಎದ್ದ ವಾಸನೆಗೆ ನನ್ನ ನಿಯಮಗಳೆಲ್ಲ ಬಾಗಿಲು ದಾಟಿ ಹೋದವು. ಕಾರಿನ ಪಕ್ಕ ಮಡಚುವ ಕುರ್ಚಿ ಹಾಕಿಕೊಂಡು ತಾಯಿ ಮಗಳು ಮೂರು ಮೂರು ತಿಂದೆವು. ಅಮ್ಮ ಮುಳ್ಳನ್ನು ಚೀಪುತ್ತ ಕಣ್ಣು ಮುಚ್ಚಿದ್ದು ನೋಡಿ ನನಗೆ ಅಳು ಬಂತು. ಎಂಟು ವರ್ಷವಾಗಿತ್ತು ಅವಳ ಜೊತೆ ಕೂತು ಬೈಗೆ ತಿಂದು.

ಆಮೇಲೆ ಪ್ರತಿ ಶನಿವಾರವೂ ಅದೇ. ಪ್ರತಿ ಸಲವೂ ಆರೇ. ಅಮ್ಮನಿಗೂ ಯಜಮಾನರಿಗೂ ಒಂದೇ ಒಂದು ಸಮಾನ ಭಾಷೆ ಇರಲಿಲ್ಲ, ಆದರೆ ಮಾತಿಗೇನೂ ಕಡಿಮೆ ಇರಲಿಲ್ಲ. ಅಮ್ಮ ಹರಿದ ಬಲೆ ಕಂಡರೆ ಕೂತು ಹೊಲಿದುಕೊಡುವಳು, ಅವರು ಕಾಫಿ ಕೊಡುವರು. ನಾನು ಪಕ್ಕದಲ್ಲಿ ಫೋನು ನೋಡುತ್ತ ನಿಲ್ಲುವೆ. ಅವರ ಚಿಂತೆಯೆಲ್ಲ ಮೇ ತಿಂಗಳ ಸಭೆಯದು. ದೋಣಿಯವರೂ ಅಧಿಕಾರಿಗಳೂ ನಮ್ಮಂಥವರೂ ಕೂತು ಮುಂದಿನ ವರ್ಷದ ಎರೆಯ ಮಿತಿ ಎಷ್ಟಿರಬೇಕೆಂದು ಮಾತಾಡುವ ಸಭೆ ಅದು. ಮಿತಿ ಇನ್ನಷ್ಟು ಇಳಿದರೆ ದೋಣಿ ಮಾರುವುದೇ ಎಂದು ಅವರು ನನಗೆ ನೇರವಾಗಿ ಹೇಳಿದ್ದರು.

ಸಭೆಗೆ ಮೂರು ವಾರ ಇರುವಾಗ ಅವರು ಅಮ್ಮನ ಕೈಗೆ ಒಂದು ನೋಟ್‌ಬುಕ್ ಕೊಟ್ಟರು. ನನ್ನ ಕೈಗಲ್ಲ, ಅಮ್ಮನ ಕೈಗೆ. ಮಗಳಿಗೆ ಓದಲು ಹೇಳು ಎಂದು ಸನ್ನೆ ಮಾಡಿದರು. ನೀರು ಬೆಚ್ಚಗಾದರೆ ತೊಟ್ಟಿಯ ಮೀನು ಸಾಯುತ್ತದೆ, ಅದಕ್ಕಾಗಿ ಅವರು ಪ್ರತಿದಿನ ಬಲೆ ಬಿಟ್ಟ ಜಾಗದಲ್ಲಿ ಹಗ್ಗಕ್ಕೆ ಕಟ್ಟಿದ ಥರ್ಮಾಮೀಟರ್ ಇಳಿಸಿ ನೀರಿನ ಬಿಸಿ ಬರೆದಿಟ್ಟಿದ್ದರು. ಪಕ್ಕದಲ್ಲಿ ಎಷ್ಟು ಮೀನು, ಯಾರಿಗೆ ಕೊಟ್ಟದ್ದು ಎಲ್ಲವೂ ಇತ್ತು. ಬೈಗೆ ಎಷ್ಟೊಂದಿದೆ ನೋಡಿ ಎಂದು ತೋರಿಸುವುದು ಅವರ ಆಸೆ. ಸಭೆಯಲ್ಲಿ ಇದನ್ನು ಉಪಯೋಗಿಸಿಕೊಳ್ಳಿ ಎಂದು ನನ್ನ ಬೆನ್ನು ತಟ್ಟಿದರು.

ಗ್ಯಾರೇಜಿನಲ್ಲಿ ಅಮ್ಮ ಮೀನು ತೊಳೆಯುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಪುಟ ತಿರುವಿದೆ. ಒಂದು ಪುಟ, ಎರಡು ಪುಟ. ಲ್ಯಾಪ್‌ಟಾಪ್ ತಂದು ನನ್ನ ಅಂಕಿಗಳನ್ನು ಪಕ್ಕಕ್ಕಿಟ್ಟೆ. ಹಿಂದಿನ ವರ್ಷದ ಮೇ, ಜೂನ್‌ನಲ್ಲಿ ಮೋಡ ಮುಸುಕಿದ್ದ ದಿನಗಳಿಗೆಲ್ಲ ನಾನು ದೂರದಿಂದ ತಂದು ತುಂಬಿದ್ದ ನೀರು ಬೆಚ್ಚಗಿತ್ತು. ಅವರ ಥರ್ಮಾಮೀಟರಿನಲ್ಲಿ ಅದೇ ದಿನ, ಅದೇ ಜಾಗದಲ್ಲಿ ನೀರು ತಂಪು. ಒಂದು ದಿನವಲ್ಲ, ಸಾಲು ಸಾಲು ದಿನ. ಗಾಳಿ ಮೇಲಿನ ನೀರನ್ನು ತಳ್ಳಿದಾಗ ಅಡಿಯ ತಣ್ಣೀರು ದಂಡೆಗೆ ಏಳುತ್ತದೆ, ಅದೇನೂ ಹೊಸ ವಿಷಯವಲ್ಲ. ಹೊಸದೆಂದರೆ, ನಾನು ಮೆಕ್ಸಿಕೋದ್ದು ಎಂದು ಬರೆದುಕೊಂಡಿದ್ದ ಮೀನು ನಮ್ಮದೇ ಪದ್ಧತಿಯ ಪ್ರಕಾರ ಉತ್ತರದ್ದು. ಆ ಮನುಷ್ಯ ತಮ್ಮ ಪರವಾಗಿ ಹೇಳಲು ಕೊಟ್ಟ ಪುಸ್ತಕ ಅವರ ಮೇಲೆಯೇ ಸಾಕ್ಷಿ ಹೇಳುತ್ತಿತ್ತು.

ಅಮ್ಮ ನನ್ನ ಮುಖ ನೋಡಿಯೇ ಕೈ ನಿಲ್ಲಿಸಿದಳು. ವಿಷಯ ಹೇಳಿದೆ. "ಇದ್ ಕೊಟ್ರೆ ಅವ್ರಿಗ್ ಒಳ್ಳೇದಾತ್ತಾ, ಕೆಟ್ಟದಾತ್ತಾ?" ಎಂದು ಕೇಳಿದಳು. ಕೆಟ್ಟದೇ ಎಂದೆ. ಉತ್ತರದ ಮೀನನ್ನು ಅವರು ಇಷ್ಟು ಹಿಡಿದಿದ್ದಾರೆ ಎಂದಾದರೆ ಮಿತಿ ಇಳಿಯುತ್ತದೆ, ದೋಣಿ ಹೋಗುತ್ತದೆ. ಪುಸ್ತಕವನ್ನು ಸುಮ್ಮನೆ ವಾಪಸ್ ಕೊಟ್ಟುಬಿಟ್ಟರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ ಎಂದೂ ಹೇಳಿದೆ. ಹೇಳುವಾಗ ಅವಳು ಹೂಂ ಅನ್ನಲಿ ಎಂದೇ ನಾನು ಕಾಯುತ್ತಿದ್ದೆ, ಅದನ್ನು ಈಗ ಮುಚ್ಚಿಡುವುದಿಲ್ಲ.

ಅಮ್ಮ ಕೈ ಒರೆಸಿಕೊಂಡು ಕುರ್ಚಿಯ ಮೇಲೆ ಕೂತಳು. ಅವಳು ಆಮೇಲೆ ಹೇಳಿದ್ದನ್ನು ಅಲ್ಲಿಯವರೆಗೆ ನಾನು ಕೇಳಿರಲಿಲ್ಲ. ಗಂಗೊಳ್ಳಿಯಲ್ಲಿ ಬೈಗೆ ಕಡ್ಡಿಯಷ್ಟು ಸಣ್ಣದಾಗಿ ಬರಲು ಶುರುವಾದ ವರ್ಷ. ಆ ಸಣ್ಣ ಮೀನನ್ನೆಲ್ಲ ಮೀನೆಣ್ಣೆಯ ಮಿಲ್ಲಿಗೆ ಹಾಕುತ್ತಿದ್ದರು. ಮೀನಿನ ಅಳತೆ ಬರೆದುಕೊಳ್ಳಲು ಒಬ್ಬಳು ಹುಡುಗಿ ಪುಸ್ತಕ, ಸ್ಕೇಲು ಹಿಡಿದು ಬಂದರಿಗೆ ಬರುತ್ತಿದ್ದಳಂತೆ. ಬೇರೆ ಹೆಂಗಸರು ಅವಳನ್ನು ಬೈದು ಓಡಿಸಿದರು. ಅಳತೆ ಬರೆದರೆ ಸಣ್ಣ ಮೀನು ತರಬಾರದೆಂದು ನಾಳೆ ಕಾನೂನು ಬರುತ್ತದೆ ಎಂಬ ಹೆದರಿಕೆ. ಅಮ್ಮ ಬೈಯಲಿಲ್ಲ. ಅವಳನ್ನು ಕೂರಿಸಿ, ಚಾ ತರಿಸಿ ಕೊಟ್ಟು, ತನ್ನ ಬುಟ್ಟಿಯನ್ನೇ ಮುಂದಿಟ್ಟಳು. ಮೀನು ಮಾರುವವರು ಯಾರೇ ಆಗಲಿ ಬುಟ್ಟಿಯ ಮೇಲಿನ ಸಾಲಿಗೆ ದೊಡ್ಡ ಮೀನು ಇಡುತ್ತಾರೆ. ಅದು ಮೋಸ ಎಂದು ಯಾರೂ ತಿಳಿಯುವುದಿಲ್ಲ, ಗಿರಾಕಿಗೂ ಅದು ಗೊತ್ತು. ಆದರೆ ಆ ಹುಡುಗಿಗೆ ಗೊತ್ತಿರಲಿಲ್ಲ. ಮೇಲಿನ ಸಾಲನ್ನೇ ಅಳೆದಳು, ಬರೆದುಕೊಂಡಳು, ಕೈ ಮುಗಿದು ಹೋದಳು. ಒಂದು ಸಲವಲ್ಲ, ಆ ಇಡೀ ಹಂಗಾಮು.

ಮುಂದಿನ ವರ್ಷಗಳಲ್ಲಿ ಬೈಗೆ ಬರಲೇ ಇಲ್ಲ. ನೀರು ಬಿಸಿಯಾದದ್ದೂ ಹೌದು, ಸಣ್ಣದನ್ನು ಬಾಚಿದ್ದೂ ಹೌದು. ಯಾವುದರ ಪಾಲು ಎಷ್ಟು ಎಂದು ತಿಳಿದವರು ಇವತ್ತಿಗೂ ಜಗಳವಾಡುತ್ತಾರೆ. ತನ್ನ ಒಂದು ಬುಟ್ಟಿಯಿಂದ ಸಮುದ್ರ ಬರಿದಾಯಿತು ಎಂದು ತಾನು ಹೇಳುವುದಿಲ್ಲ ಎಂದಳು ಅಮ್ಮ. ಆದರೆ ಆ ಹುಡುಗಿಯ ಪುಸ್ತಕದಲ್ಲಿ ಬೈಗೆ ದೊಡ್ಡದಾಗಿಯೇ ಉಳಿಯಿತು, ಅದು ತನ್ನಿಂದ. ಬೇರೆಯವರು ಬೈದರು, ಬೈದದ್ದಾದರೂ ನಿಜವಿತ್ತು. ತಾನು ಚಾ ಕೊಟ್ಟು ಸುಳ್ಳು ಬರೆಸಿದೆ ಎಂದಳು. ನಾನು ಈ ಕೆಲಸಕ್ಕೆ ಸೇರಿದೆ ಎಂದು ಫೋನಿನಲ್ಲಿ ಹೇಳಿದ ದಿನ ಅವಳಿಗೆ ಅನ್ನ ಸೇರಿರಲಿಲ್ಲವಂತೆ.

"ಬುಟ್ಟಿ ಮೇಲ್ ದೊಡ್ಡದ್ ಇಡ್ಬೇಡ ಮಗಾ" ಎಂದಳು ಕೊನೆಗೆ. "ಆದ್ರೆ ಅವ್ರಿಗ್ ಹೇಳ್ದೆ ಪಟ್ಟಿಗ್ ಹಾಕ್ಬೇಡ."

ಮರುದಿನ ಭಾನುವಾರ ಇಬ್ಬರೂ ಹೋದೆವು. ನೋಟ್‌ಬುಕ್ ತೆರೆದು, ಯಾವ ದಿನದ ಯಾವ ಅಂಕಿ ಏನು ಹೇಳುತ್ತದೆ, ಅದು ನನ್ನ ಪಟ್ಟಿಗೆ ಹೋದರೆ ಅವರಿಗೆ ಏನಾಗುತ್ತದೆ ಎಂದು ಯಜಮಾನರಿಗೆ ವಿವರಿಸಿದೆ. ಅವರು ತೊಟ್ಟಿಯ ಅಂಚಿಗೆ ಒರಗಿ ನಿಂತು ಪೂರ್ತಿ ಕೇಳಿದರು. ತಾವು ಇದನ್ನು ಕೊಡದೇ ಇದ್ದಿದ್ದರೆ ಏನಾಗುತ್ತಿತ್ತು ಎಂದು ಕೇಳಿದರು. ಈಗ ಹೇಗಿದೆಯೋ ಹಾಗೇ ಇರುತ್ತಿತ್ತು ಎಂದೆ. ಕೈ ಚಾಚಿದರು; ಪುಸ್ತಕ ಕೊಟ್ಟೆ. ಅದನ್ನು ಅಂಗಿಯ ಒಳಗೆ ಇಟ್ಟುಕೊಂಡು, ಅಮ್ಮನಿಗೆ ಮಾತ್ರ ತಲೆಬಾಗಿ, ಒಳಗೆ ಹೋದರು. ವಾಪಸ್ ಬರುವಾಗ ಡೆಲ್ ಮಾರ್ ದಾರಿ ಹಿಡಿದೆ, ಅಮ್ಮನಿಗೆ ಸಮುದ್ರ ಕಾಣಲಿ ಎಂದು. ಅವಳು ಆ ಕಡೆ ತಿರುಗಿ ನೋಡಲಿಲ್ಲ.

ಸಭೆಗೆ ಅಮ್ಮನೂ ಬಂದು ಹಿಂದಿನ ಸಾಲಿನಲ್ಲಿ ಸ್ವೆಟರ್ ಹಾಕಿಕೊಂಡು ಕೂತಳು. ಯಜಮಾನರು ಮೂರನೇ ಸಾಲಿನಲ್ಲಿದ್ದರು. ನನ್ನ ಸರದಿ ಬಂದಾಗ, ಮೋಡದ ದಿನಗಳಲ್ಲಿ ದಂಡೆಯ ಹತ್ತಿರದ ನೀರಿನ ಅಂಕಿಯನ್ನು ನಂಬುವ ಹಾಗಿಲ್ಲ, ಅಲ್ಲಿ ನಾವು ಬೆಚ್ಚಗೆ ಎಂದು ಬರೆದ ನೀರು ನಿಜಕ್ಕೂ ತಂಪಿರಬಹುದು ಎಂದೆ. ಕಚೇರಿಯ ಮೇಲಿನವರ ಹುಬ್ಬು ಏರಿತು. ಅಧಿಕಾರಿಯೊಬ್ಬರು ಕೇಳಿದರು: ಅಲ್ಲಿ ನೀರನ್ನು ಅಳೆದವರು ಯಾರಾದರೂ ಇದ್ದಾರೆಯೇ? ನನಗೆ ಮೂರನೇ ಸಾಲು ನೋಡದೇ ಇರಲು ಆಗಲಿಲ್ಲ. ಅವರು ನೆಲ ನೋಡುತ್ತಿದ್ದರು. ಅಳತೆ ಇದೆ, ಆದರೆ ಅದನ್ನು ಕೊಡುವ ಹಕ್ಕು ನನಗಿಲ್ಲ ಎಂದೆ. ಅಧಿಕಾರಿ ಏನೋ ಬರೆದುಕೊಂಡು ಮುಂದಿನ ವಿಷಯಕ್ಕೆ ಹೋದರು. ಮಿತಿ ಹಾಗೇ ಉಳಿಯಿತು.

ಹೊರಗೆ ಪಾರ್ಕಿಂಗ್ ಲಾಟಿನಲ್ಲಿ, ಸಭೆಯಲ್ಲಿ ನೀನು ಏನು ಹೇಳಿದೆ ಎಂದು ಅಮ್ಮ ಕೇಳಿದಳು. ಹೇಳಿದೆ. ನಾನು ಸುಳ್ಳಂತೂ ಹೇಳಲಿಲ್ಲವಲ್ಲ ಎಂಬ ಸಮಾಧಾನ ಒಳಗೆ ಎಲ್ಲೋ ಇತ್ತು. ಅವಳು ಸೀಟ್‌ಬೆಲ್ಟ್ ಹಾಕಿಕೊಳ್ಳುತ್ತ, "ಅರ್ಧ ಬುಟ್ಟಿ ತೋರ್ಸಿದೆ" ಎಂದಳು. ಬೈಗುಳವೋ ಮೆಚ್ಚುಗೆಯೋ ತಿಳಿಯಲಿಲ್ಲ. ನನಗೆ ಸಿಟ್ಟು ಬಂತು. ನಿನ್ನದು ಆವತ್ತು ಅರ್ಧವೂ ಇರಲಿಲ್ಲ ಎಂದುಬಿಟ್ಟೆ. ಹೌದು ಎಂದಳು ಅಷ್ಟೇ. ಆ ಮಾತು ಆಡಬಾರದಿತ್ತು. ಜೂನ್‌ನಲ್ಲಿ ಅವಳು ಹೊರಟಳು, ಅಲ್ಲಿಯವರೆಗೆ ನಾವು ಬೈಗೆ ಅಂಗಡಿಗೆ ಹೋಗಲಿಲ್ಲ. ಶನಿವಾರ ಗ್ಯಾರೇಜಿನಲ್ಲಿ ಸಾಲ್ಮನ್ ಮಾಡಿದಳು, ಗೊಣಗಲೂ ಇಲ್ಲ.

ಮುಂದಿನ ವರ್ಷದ ಬೇಸಿಗೆ ಕೆಟ್ಟದಾಗಿತ್ತು. ಕೊಲ್ಲಿಯ ನೀರು ಸ್ನಾನಕ್ಕೆ ಕಾಯಿಸಿದ ಹಾಗೆ ಬೆಚ್ಚಗಾಯಿತು. ಬೇಸಿಗೆ ಮುಗಿಯುತ್ತ ಬಂದ ಒಂದು ದಿನ ಕಚೇರಿಯ ಕೆಳಗೆ ಯಾರೋ ಕಾಯುತ್ತಿದ್ದಾರೆ ಎಂದು ಕರೆ ಬಂತು. ಇಳಿದು ಹೋದರೆ ಯಜಮಾನರು, ಕೈಯಲ್ಲಿ ರಟ್ಟಿನ ಡಬ್ಬಿ. ಅದರಲ್ಲಿ ಆ ನೋಟ್‌ಬುಕ್ಕೂ, ಅದರ ಹಿಂದಿನ ವರ್ಷಗಳವೂ. ತೊಟ್ಟಿಯ ಮೀನು ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಹೊಟ್ಟೆ ಮೇಲೆ ಮಾಡಿ ತೇಲುತ್ತಿರುತ್ತವೆ ಎಂದರು. ಹೊರಗಿನ ತಂಪು ನೀರಿನಿಂದ ತಂದದ್ದು, ತೊಟ್ಟಿಗೆ ತುಂಬುವ ಕೊಲ್ಲಿಯ ಬಿಸಿ ನೀರನ್ನು ತಾಳುವುದಿಲ್ಲ. ಯಾವ ಊರಿನ ಮೀನಾದರೂ ಆಗಲಿ, ಅದು ಸಾಯುತ್ತಿದೆ ಎಂದು ಯಾರಾದರೊಬ್ಬರು ಸರಿಯಾಗಿ ಬರೆದಿಡಬೇಕು ಎಂದರು. ಇದರಿಂದ ಮಿತಿ ಇಳಿಯಬಹುದು ಎಂದು ಮತ್ತೊಮ್ಮೆ ನೆನಪಿಸಿದೆ. ನೀನು ಒಮ್ಮೆ ಹೇಳಿದ್ದೀಯ, ನನಗೆ ಕಿವಿ ಸರಿಯಾಗಿದೆ ಎಂದರು. ದೋಣಿಯನ್ನು ನೋಡಲು ಈಗಾಗಲೇ ಇಬ್ಬರು ಬಂದು ಹೋಗಿದ್ದರಂತೆ. ಬೈಗೀ ಹೇಗಿದ್ದಾಳೆ ಎಂದು ಕೇಳಿ ಹೊರಟರು.

ಆ ಸಂಜೆ ಗ್ಯಾರೇಜಿನಲ್ಲೇ ಕೂತು ಅಂಕಿಗಳನ್ನು ಸೇರಿಸಲು ಶುರು ಮಾಡಿದೆ. ಅಮ್ಮ ಬಂದಿದ್ದ ವಸಂತದ ಪುಟ ತೆರೆದೆ. ಮೊದಲ ಶನಿವಾರ. ದಿನ, ಜಾಗ, ನೀರಿನ ಬಿಸಿ, ಯಾವ ಯಾವ ದೋಣಿಗೆ ಎಷ್ಟು ಎಂದು ಬರೆದು, ಕೊನೆಯ ಸಾಲಿನಲ್ಲಿ ಅವರ ಓರೆ ಅಕ್ಷರದಲ್ಲಿ: ಬೈಗೀ, ಆರು. ಮುಂದಿನ ಶನಿವಾರವೂ ಬೈಗೀ, ಆರು. ಎರೆಗೆ ಹೋದ ಮೀನಿನ ಜೊತೆಗೆ ನಮ್ಮ ಮೀನನ್ನೂ ಅವರು ಬಿಡದೆ ಬರೆದಿದ್ದರು. ಮೊದಲ ಶನಿವಾರದ ನೀರು ತಂಪು. ನಾವು ಕಾರಿನ ಪಕ್ಕ ಕೂತು, ಮುಳ್ಳು ಚೀಪಿ, ಕಣ್ಣು ಮುಚ್ಚಿ ತಿಂದದ್ದು ಉತ್ತರದ ಬೈಗೆ. ನಾನು ಕಾಯಬೇಕಾಗಿದ್ದ ಮೀನು.

ಗಂಗೊಳ್ಳಿಯಲ್ಲಿ ಆಗ ಬೆಳಿಗ್ಗೆ. ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಯಜಮಾನರು ಪುಸ್ತಕ ತಂದುಕೊಟ್ಟದ್ದನ್ನೂ ಹೇಳಿದೆ. ಪಾರ್ಕಿಂಗ್ ಲಾಟಿನಲ್ಲಿ ಹಾಗೆ ಅಂದದ್ದು ನನ್ನ ತಪ್ಪು ಎಂದೆ. ಆಮೇಲೆ ಆ ಆರು ಮೀನಿನ ವಿಷಯ ಹೇಳಿದೆ. ಇಷ್ಟು ದೊಡ್ಡ ಲೆಕ್ಕದಲ್ಲಿ ಆರು ಮೀನು ಸೇರಿಸಿದರೂ ಬಿಟ್ಟರೂ ಯಾವ ವ್ಯತ್ಯಾಸವೂ ಆಗುವುದಿಲ್ಲ ಎಂದೂ ಹೇಳಿದೆ. ಅದು ನಿಜವೂ ಹೌದು.

"ಯಾವೂರ್ ಬೈಗಿ ಅಂತ ಬಂತ್ ಅದ್?" ಎಂದು ಕೇಳಿದಳು.

ಉತ್ತರದ್ದು ಎಂದೆ.

"ಹಂಗಾರೆ ಬರಿ" ಎಂದಳು. "ನಾ ತಿಂದದ್ದ್ ಮೂರ್, ನೀ ತಿಂದದ್ದ್ ಮೂರ್. ಆರೂ ಬರಿ."

ಫೋನ್ ಇಡಲಿಲ್ಲ ಅವಳು, ನಾನು ಬರೆಯುವವರೆಗೆ ಕಾದಳು. ನಾನು ಆರು ಎಂದು ಬರೆದೆ.